ಈ ಹುಡುಗನನ್ನು ಬಿಡಬಹುದಾ? ಕೋರ್ಟಿಗೆ ಪ್ರೊಬೇಷನ್ ವರದಿ ಬರೆಯುವ ಬಗೆ

ಕೋರ್ಟಿನಿಂದ ಒಂದು ಪತ್ರ ಬರುತ್ತದೆ. ಇಂಥ ಕೇಸು, ಇಂಥ ಹುಡುಗ, ವಯಸ್ಸು ಇಪ್ಪತ್ತು, ಕಳವು ಸಾಬೀತಾಗಿದೆ. ಶಿಕ್ಷೆ ಹೇಳುವ ಮೊದಲು ಅವನ ಬಗ್ಗೆ ವಿಚಾರಿಸಿ ವರದಿ ಕೊಡಿ. ಕೆಳಗೆ ಮುಂದಿನ ತಾರೀಖು. ಅಷ್ಟೇ. ಆದರೆ ನ್ಯಾಯಾಧೀಶರಿಗೆ ಬೇಕಾಗಿರುವುದು ಒಂದು ಮಾತು: ಇವನನ್ನು ಬಿಟ್ಟರೆ ಮತ್ತೆ ಕದಿಯುತ್ತಾನಾ?

ಧಾರವಾಡದಲ್ಲಿ ಇಂಥ ವರದಿಗಳ ಕರಡು ಬರೆಯುವ ಗುಮಾಸ್ತಿಕೆಯಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು. ಸಹಿ ಪರಿವೀಕ್ಷಣಾಧಿಕಾರಿಯದು, ಅಂದರೆ ಪ್ರೊಬೇಷನ್ ಆಫೀಸರದು, ಸುತ್ತಾಟ ಇಬ್ಬರದು. ಈಗ ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಆಗಾಗ ಫೋನ್ ಮಾಡಿ ‘ಸರ್, ಫಾರ್ಮ್ಯಾಟ್ ಕಳಸ್ರಿ’ ಅನ್ನುತ್ತಾರೆ. ಫಾರ್ಮ್ಯಾಟ್ ಎಲ್ಲರ ಹತ್ತಿರವೂ ಇದೆ. ಅದರೊಳಗೆ ಏನು ತುಂಬಬೇಕು, ಏನು ತುಂಬಬಾರದು ಅನ್ನುವುದೇ ಕೆಲಸ. ನಿಮ್ಮ ಮನೆ ಬಾಗಿಲಿಗೇ ಇಂಥ ವಿಚಾರಣೆ ಬಂದಿದ್ದರೆ, ನಿಮಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಕಾಗದ ಓದಿ

ಕೇಸು ಯಾವ ಕಲಮಿನ ಕೆಳಗೆ ಬಂದಿದೆ ನೋಡಿ. ನಮ್ಮ ಕೆಲಸಕ್ಕೆ ಆಧಾರ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಪರಿವೀಕ್ಷಣೆ, ಅಂದರೆ ಪ್ರೊಬೇಷನ್: ಜೈಲಿಗೆ ಹಾಕುವ ಬದಲು ಷರತ್ತಿನ ಮೇಲೆ ಬಿಡುವುದು. ಅದರ 3ನೇ ಕಲಂ ಕಳವು, ಮೋಸ ಮತ್ತು ಎರಡು ವರ್ಷದೊಳಗೆ ಶಿಕ್ಷೆ ಇರುವ ಅಪರಾಧಗಳಿಗೆ. ಹಿಂದೆ ಶಿಕ್ಷೆ ಆಗಿರದಿದ್ದರೆ ಕೋರ್ಟು ಬುದ್ಧಿ ಹೇಳಿ ಬಿಡಬಹುದು. 4ನೇ ಕಲಂ ಇನ್ನೂ ಅಗಲ. ಗಲ್ಲು ಅಥವಾ ಜೀವಾವಧಿ ಇಲ್ಲದ ಅಪರಾಧವಾದರೆ, ಮುಚ್ಚಳಿಕೆ ಬರೆಸಿಕೊಂಡು ಹೆಚ್ಚೆಂದರೆ ಮೂರು ವರ್ಷದ ಮಟ್ಟಿಗೆ ಬಿಡಬಹುದು. ಮೇಲ್ವಿಚಾರಣೆ ಹಾಕಿದರೆ ಅದು ಒಂದು ವರ್ಷಕ್ಕಿಂತ ಕಡಿಮೆ ಇರುವಂತಿಲ್ಲ.

6ನೇ ಕಲಂ ಮುಖ್ಯ. ವಯಸ್ಸು 21 ತುಂಬಿಲ್ಲ, ಅಪರಾಧಕ್ಕೆ ಜೀವಾವಧಿ ಶಿಕ್ಷೆಯೂ ಇಲ್ಲ ಎಂದಾದರೆ, ಜೈಲೇ ಗತಿ ಎಂದು ಕೋರ್ಟಿಗೆ ಖಾತ್ರಿಯಾಗದೆ ಜೈಲಿಗೆ ಕಳಿಸುವಂತಿಲ್ಲ. ಅದಕ್ಕೂ ಮೊದಲು ನಮ್ಮ ವರದಿ ತರಿಸಿಕೊಳ್ಳಲೇಬೇಕು. ಜೈಲಿಗೆ ಕಳಿಸಿದರೆ ಕಾರಣ ಬರೆದಿಡಬೇಕು. ಆದ್ದರಿಂದ ವಯಸ್ಸಿನ ದಾಖಲೆ ಮೊದಲ ದಿನವೇ ಹುಡುಕಿ. ಶಾಲೆ ಬಿಟ್ಟ ಸರ್ಟಿಫಿಕೇಟ್ ಒಂದು ತಾರೀಖು ಹೇಳುತ್ತದೆ, ಆಧಾರ್ ಇನ್ನೊಂದು ಹೇಳುತ್ತದೆ. ತಾಯಿಯನ್ನು ಕೇಳಿದರೆ ‘ದೊಡ್ಡ ಮಳಿ ಆದ ವರ್ಷ ಹುಟ್ಯಾನ್ರಿ’ ಅನ್ನುತ್ತಾಳೆ. ಮೂರನ್ನೂ ಬರೆಯಿರಿ. ತೀರ್ಮಾನ ಕೋರ್ಟಿನದು.

ಹದಿನೆಂಟರೊಳಗಿನವರ ದಾರಿ ಬೇರೆ. ಅವರದು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. 2015ರ ಕಾಯ್ದೆಯ ಪ್ರಕಾರ ಮಗುವನ್ನು ಮೊದಲ ಸಲ ಮಂಡಳಿ ಮುಂದೆ ತಂದ ದಿನದಿಂದ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು.

ಇನ್ನೊಂದು ಮಾತು. ನಮ್ಮ ವರದಿಗೂ ಠಾಣೆಯ ರೌಡಿ ಶೀಟಿಗೂ ಸಂಬಂಧ ಕಲ್ಪಿಸಬೇಡಿ. ಅದು ಪೊಲೀಸರು ತಮ್ಮ ನಿಗಾಕ್ಕೆ ಇಟ್ಟುಕೊಂಡ ಪುಸ್ತಕ, ಇದು ಕೋರ್ಟು ಕೇಳಿದ ಕಾಗದ. ಠಾಣೆಯಿಂದ ಹಳೆಯ ಕೇಸುಗಳ ಪಟ್ಟಿ ತರಿಸಿದಾಗ, ಪ್ರತಿ ಕೇಸಿನ ಮುಂದೆ ಏನಾಯಿತು ಎಂದು ಕೇಳಿ. ಶಿಕ್ಷೆಯೋ, ಖುಲಾಸೆಯೋ, ರಾಜಿಯೋ, ಇನ್ನೂ ನಡೆಯುತ್ತಿದೆಯೋ? ‘ಐದು ಕೇಸ್ ಅದಾವ್ರಿ’ ಎಂದು ಬಾಯಲ್ಲಿ ಬರುವ ಲೆಕ್ಕದಲ್ಲಿ ಮೂರು ಖುಲಾಸೆಯಾಗಿದ್ದನ್ನು ನಾನೇ ಕಂಡಿದ್ದೇನೆ.

ಮನೆಗೆ ಎರಡು ಸಲ ಹೋಗಿ

ಒಂದು ಸಲ ಹೇಳಿ ಹೋಗಿ, ಒಂದು ಸಲ ಹೇಳದೆ ಹೋಗಿ. ಹೇಳಿ ಹೋದ ದಿನ ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ದೇವರ ಫೋಟೋದ ಕೆಳಗೆ ಕೂತಿರುತ್ತಾನೆ. ಹೇಳದೆ ಹೋದ ದಿನ ಅವನು ಎಲ್ಲಿರುತ್ತಾನೆ ಅನ್ನುವುದು ನಿಮಗೆ ಬೇಕು.

ನಾಲ್ಕನೇ ಕಲಮಿನಲ್ಲಿ ಒಂದು ಷರತ್ತಿದೆ. ಅಪರಾಧಿಗಾಗಲೀ ಜಾಮೀನುದಾರನಿಗಾಗಲೀ ಒಂದು ಖಾಯಂ ವಿಳಾಸ ಅಥವಾ ಖಾಯಂ ಉದ್ಯೋಗ ಇರಬೇಕು. ಇದು ಕಾಗದದಲ್ಲಿ ಸುಲಭ, ನಮ್ಮ ಕಡೆ ಕಷ್ಟ. ಅರ್ಧ ವರ್ಷ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವ ಮನೆಗಳು ಹಾವೇರಿ, ಗದಗದ ಹಳ್ಳಿಗಳಲ್ಲಿ ಬಹಳ. ಬಾಗಿಲಿಗೆ ಬೀಗ ಕಂಡ ಕೂಡಲೇ ‘ವಿಳಾಸದಲ್ಲಿ ವಾಸವಿಲ್ಲ’ ಎಂದು ಬರೆದು ಬಸ್ ಹತ್ತಬೇಡಿ. ಪಕ್ಕದ ಮನೆಯವರನ್ನು ಕೇಳಿ. ರೇಷನ್ ಯಾರು ತರುತ್ತಾರೆ, ಹಬ್ಬಕ್ಕೆ ಯಾವಾಗ ಬರುತ್ತಾರೆ, ಮುದುಕಿ ಯಾರ ಮನೆಯಲ್ಲಿದ್ದಾಳೆ? ಗುಳೆ ಹೋಗುವುದು ಬೇರೆ, ತಲೆ ತಪ್ಪಿಸಿಕೊಳ್ಳುವುದು ಬೇರೆ.

ಉದ್ಯೋಗದ ಪುರಾವೆಯೂ ಹಾಗೆಯೇ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುವವನಿಗೆ, ದುರ್ಗದ ಬೈಲಿನಲ್ಲಿ ಗಿರಮಿಟ್ ಗಾಡಿ ಹಚ್ಚುವವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅಂಗಡಿಯವನನ್ನು ಕಂಡು ಮಾತಾಡಿ. ಇವನು ಎಷ್ಟು ದಿನದಿಂದ ಬರುತ್ತಾನೆ, ಕೇಸಾದ ಮೇಲೂ ಕೆಲಸಕ್ಕೆ ಇಟ್ಟುಕೊಂಡಿದ್ದೀರಾ, ಮುಂದೆ ಇಟ್ಟುಕೊಳ್ಳುತ್ತೀರಾ? ಮೂರನೆಯ ಪ್ರಶ್ನೆಗೆ ಮಾಲೀಕ ಎಷ್ಟು ಹೊತ್ತು ತಗೊಂಡು ಉತ್ತರ ಕೊಟ್ಟ ಅನ್ನುವುದನ್ನೂ ಗಮನಿಸಿ.

ಓಣಿಯವರ ಮಾತು

ಇಲ್ಲಿ ನಾನು ಎಡವಿದ್ದೇನೆ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಓಣಿಯಲ್ಲಿ ಒಬ್ಬ ಹಿರಿಯರು ಕಟ್ಟೆ ಮೇಲೆ ಕೂಡಿಸಿ ಚಹಾ ಕುಡಿಸಿದರು. ‘ಅಂವಾ ಭಾಳ ಕೆಟ್ಟ ಹುಡುಗ ಅದಾನ್ರಿ. ಓಸಿ ಆಡ್ತಾನ, ರಾತ್ರಿ ಹನ್ನೆರಡಕ್ಕ ಬರ್ತಾನ.’ ನಾನು ಅದನ್ನೇ ಚಂದ ಮಾಡಿ ‘ದುಶ್ಚಟಗಳ ದಾಸ, ಕೆಟ್ಟ ಸಹವಾಸ’ ಎಂದು ಕರಡು ಬರೆದೆ. ಸಾಹೇಬರು ಓದಿ, ‘ಯಾರು ಹೇಳಿದ್ರು? ನೀನು ಕಣ್ಣಿಲೆ ನೋಡಿದ್ಯಾ?’ ಎಂದರು. ಮತ್ತೆ ಹೋದೆ. ಹುಡುಗ ರಾತ್ರಿ ಹನ್ನೆರಡಕ್ಕೆ ಬರುತ್ತಿದ್ದುದು ನಿಜ, ಖಾನಾವಳಿಯಲ್ಲಿ ಪಾತ್ರೆ ತೊಳೆದು ಬರುತ್ತಿದ್ದ. ಆ ಹಿರಿಯರಿಗೂ ಹುಡುಗನ ಅಪ್ಪನಿಗೂ ಹಿತ್ತಲ ಗೋಡೆಯ ಸಲುವಾಗಿ ಏಳು ವರ್ಷದಿಂದ ಜಗಳ. ಆ ಕರಡು ಹಾಗೇ ಹೋಗಿದ್ದರೆ ಒಂದು ಗೋಡೆಯ ಜಗಳಕ್ಕೆ ಒಬ್ಬನಿಗೆ ಜೈಲಾಗುತ್ತಿತ್ತು.

ಅಂದಿನಿಂದ ನನ್ನ ಪದ್ಧತಿ ಹೀಗೆ. ಕನಿಷ್ಠ ಮೂರು ಮಂದಿಯನ್ನು ಕೇಳಬೇಕು, ಮೂವರೂ ಒಂದೇ ಕಟ್ಟೆಯವರಾಗಿರಬಾರದು. ಕಂಡದ್ದನ್ನು ಹೇಳಿದರಾ, ಕೇಳಿದ್ದನ್ನು ಹೇಳಿದರಾ ಎಂದು ಎದುರಿಗೇ ಬರೆದುಕೊಳ್ಳಬೇಕು. ಹೊಗಳಿಕೆಗೂ ಇದೇ ನಿಯಮ. ‘ಬಂಗಾರದಂಥ ಹುಡುಗ ರೀ’ ಎಂದವರು ಸೋದರಮಾವ ಆಗಿರಬಹುದು, ಅಲ್ವಾ? ಕಳವಾದ ಮನೆಯವರನ್ನೂ ಬಿಡಬೇಡಿ. 5ನೇ ಕಲಮಿನ ಪ್ರಕಾರ ಕೋರ್ಟು ಅವರಿಗೆ ಪರಿಹಾರ ಕೊಡಿಸಬಹುದು. ವಸ್ತು ವಾಪಸ್ ಬಂತಾ, ನಷ್ಟ ಎಷ್ಟು, ಹುಡುಗ ಎದುರಿಗೆ ಸಿಕ್ಕರೆ ಹೆದರಿಕೆ ಇದೆಯಾ ಎಂದು ಕೇಳಿ.

ಎರಡು ಪಟ್ಟಿ ಮಾಡಿ

ಈಗ ಮನೆಗೆ ಬಂದು ಒಂದು ಹಾಳೆಯನ್ನು ನಡುವೆ ಮಡಚಿ. ಎಡಕ್ಕೆ ಇನ್ನು ಬದಲಾಗದ ಸಂಗತಿಗಳು: ಹಿಂದಿನ ಶಿಕ್ಷೆಗಳು, ಮೊದಲ ತಪ್ಪು ಮಾಡಿದಾಗಿನ ವಯಸ್ಸು. ಬಲಕ್ಕೆ ಬದಲಾಗಬಹುದಾದವು: ಕೆಲಸ, ಕುಡಿತ, ಗೆಳೆಯರು, ಮನೆಯ ವಾತಾವರಣ, ಸಾಲ, ಖಾಲಿ ಹೊತ್ತು ಕಳೆಯುವ ಬಗೆ, ತಾನು ಮಾಡಿದ್ದರ ಬಗ್ಗೆ ಅವನ ಮಾತು. ಕೆನಡಾದ ಮನೋವಿಜ್ಞಾನಿಗಳಾದ ಆಂಡ್ರೂಸ್ ಮತ್ತು ಬೊಂಟಾ ಹೆಚ್ಚೂಕಡಿಮೆ ಇವನ್ನೇ ಎಂಟು ಅಂಶಗಳಾಗಿ ಜೋಡಿಸಿದ್ದಾರೆ. ಅಪಾಯ ಎಷ್ಟೆಂದು ತಿಳಿಯಲು ಎಡಗಡೆ ಬೇಕು, ಏನು ಮಾಡಬೇಕೆಂದು ತಿಳಿಯಲು ಬಲಗಡೆ ಬೇಕು. ಹೊಸಬರ ವರದಿಗಳಲ್ಲಿ ಎಡಗಡೆ ತುಂಬಿ ತುಳುಕುತ್ತದೆ, ಬಲಗಡೆ ಖಾಲಿ.

ಪಟ್ಟಿ ಯಾಕೆ, ಮುಖ ನೋಡಿದರೆ ಗೊತ್ತಾಗುತ್ತದೆ ಅನ್ನುವವರಿದ್ದಾರೆ. ಗೊತ್ತಾಗುವುದಿಲ್ಲ. 1928ರಲ್ಲೇ ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಇಲಿನಾಯ್ ಜೈಲುಗಳಿಂದ ಪೆರೋಲ್ ಮೇಲೆ ಬಿಟ್ಟ 3000 ಮಂದಿಯ ದಾಖಲೆ ತೆಗೆದು, ಬಿಟ್ಟವರಲ್ಲಿ ಯಾರು ಮತ್ತೆ ತಪ್ಪಿಯಾರು ಎಂದು ತಿಳಿಯಲು 21 ಅಂಶಗಳ ಲೆಕ್ಕ ಹಾಕಿದ್ದರು. 1954ರಲ್ಲಿ ಮನೋವಿಜ್ಞಾನಿ ಪಾಲ್ ಮೀಲ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಸರಳ ಲೆಕ್ಕವು ತಜ್ಞರ ಅಂದಾಜಿಗೆ ಸಮ ಅಥವಾ ಮೇಲು ಎಂದು ತೋರಿಸಿದರು. ಅನುಭವಸ್ಥರಿಗೆ ಈ ಮಾತು ಇಂದಿಗೂ ಹಿಡಿಸುವುದಿಲ್ಲ. ನನಗೂ ಹಿಡಿಸಿರಲಿಲ್ಲ.

ಹಾಗಂತ ಲೆಕ್ಕದಿಂದ ಬಂದ ಅಂಕವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅಮೆರಿಕದಲ್ಲಿ ಯಾರು ಮತ್ತೆ ತಪ್ಪು ಮಾಡಿಯಾರು ಎಂದು ಅಂಕ ಕೊಡುವ ಕಾಂಪಾಸ್ ಎಂಬ ಕಂಪ್ಯೂಟರ್ ಲೆಕ್ಕವನ್ನು ಪತ್ರಕರ್ತರು 2016ರಲ್ಲಿ ಪರೀಕ್ಷಿಸಿದರು. ಮತ್ತೆ ತಪ್ಪೇ ಮಾಡದವರಲ್ಲಿ ‘ಅಪಾಯ ಹೆಚ್ಚು’ ಎಂದು ಗುರುತಿಸಿಕೊಂಡವರ ಪ್ರಮಾಣ ಕಪ್ಪು ಜನರಲ್ಲಿ ಬಿಳಿಯರಿಗಿಂತ ಹೆಚ್ಚೂಕಡಿಮೆ ಎರಡು ಪಟ್ಟು ಇತ್ತು. ಒಂದೇ ಅಂಕ ಬಂದವರು ಕಪ್ಪಾಗಲಿ ಬಿಳಿಯಾಗಲಿ ಅಷ್ಟೇ ಪ್ರಮಾಣದಲ್ಲಿ ಮತ್ತೆ ತಪ್ಪು ಮಾಡುತ್ತಾರೆ ಎಂದು ಅದನ್ನು ಮಾಡಿದ ಕಂಪನಿ ವಾದಿಸಿತು. ಲೆಕ್ಕ ಎರಡೂ ಕಡೆ ಸರಿ. ಜಗಳ ಇರುವುದು ಯಾವ ತಪ್ಪನ್ನು ಎಷ್ಟು ಸಹಿಸಬೇಕು ಅನ್ನುವುದರಲ್ಲಿ.

ಇದಕ್ಕೆ ಅಮೆರಿಕದವರೆಗೆ ಯಾಕೆ ಹೋಗಬೇಕು? ಹುಬ್ಬಳ್ಳಿಯಲ್ಲಿ ಆಟೋದವನಿಗೆ ‘ಸೆಟ್ಲ್‌ಮೆಂಟ್’ ಎಂದರೆ ಸಾಕು, ಕರೆದುಕೊಂಡು ಹೋಗುತ್ತಾನೆ. ಗದಗ-ಬೆಟಗೇರಿಯಲ್ಲೂ ಆ ಹೆಸರಿದೆ. 1871ರಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಹೆಸರಿನಲ್ಲಿ ಬ್ರಿಟಿಷರು ಗಂಟಿಚೋರರಂಥ ಸಮುದಾಯಗಳನ್ನು ಬೇಲಿಯೊಳಗೆ ಕೂಡಿಸಿ ಹಾಜರಿ ಕರೆಯುತ್ತಿದ್ದ ಜಾಗಗಳವು. ಆ ಸಮುದಾಯದಲ್ಲಿ ಹುಟ್ಟಿದ್ದೇ ಅಪಾಯದ ಲೆಕ್ಕ. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ‘ಯಾವ ಓಣಿ?’ ಎಂದು ಕೇಳಿ ಹುಬ್ಬು ಏರಿಸುವ ಚಾಳಿ ಹೋಗಿಲ್ಲ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹಿಂದುಳಿದ ಸಮುದಾಯದವರ ಹೆಸರನ್ನು ಯಾಂತ್ರಿಕವಾಗಿ ಪೊಲೀಸರ ಹಿಸ್ಟರಿ ಶೀಟಿಗೆ (ರೌಡಿ ಶೀಟಿನಂಥದೇ ಪುಸ್ತಕ) ಸೇರಿಸದಂತೆ ಎಚ್ಚರ ವಹಿಸಲು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಲು ಆದೇಶಿಸಿತು. ನಿಮ್ಮ ಎಡಗಡೆ ಪಟ್ಟಿಯಲ್ಲಿ ಜಾತಿಯಾಗಲಿ ಓಣಿಯಾಗಲಿ ನುಸುಳಿದೆಯಾ, ಒಮ್ಮೆ ನೋಡಿಕೊಳ್ಳಿ.

ಬರೆಯುವಾಗ

ಉದ್ದ ಬೇಡ, ಮೂರು ಪುಟ ಸಾಕು. ‘ಒಳ್ಳೆಯವ’, ‘ಕೆಟ್ಟವ’, ‘ಪಶ್ಚಾತ್ತಾಪ ಪಟ್ಟಿದ್ದಾನೆ’ ಇವು ಬೇಡ. ಪಶ್ಚಾತ್ತಾಪ ಕಣ್ಣಿಗೆ ಕಾಣುವುದಿಲ್ಲ. ‘ಕದ್ದ ಮೊಬೈಲಿನ ಬೆಲೆಯಲ್ಲಿ ಎರಡು ಸಾವಿರ ತೀರಿಸಿದ್ದಾನೆ’ ಅನ್ನುವುದು ಕಾಣುತ್ತದೆ. ‘ಕುಡುಕ’ ಬದಲು ‘ವಾರಕ್ಕೆ ಎರಡು ಸಲ ಕುಡಿಯುತ್ತಾನೆ ಎಂದು ತಾಯಿ ಹೇಳಿದರು’ ಎಂದು ಬರೆಯಿರಿ. ಅಪಾಯವನ್ನು ಹೇಳುವಾಗ ಯಾವುದರ ಅಪಾಯ, ಯಾವಾಗ ಹೆಚ್ಚು ಅನ್ನುವುದೂ ಇರಲಿ. ‘ಹಳೆಯ ಗ್ಯಾರೇಜಿನ ಗೆಳೆಯರ ಜೊತೆ ಸೇರಿದರೆ ಮತ್ತೆ ಬೈಕ್ ಕಳವಿಗೆ ಹೋಗುವ ಸಾಧ್ಯತೆ ಇದೆ, ಅಣ್ಣನ ಜೊತೆ ಗೌಂಡಿ ಕೆಲಸಕ್ಕೆ ಹೋದರೆ ಕಡಿಮೆ’ ಎಂದರೆ ನ್ಯಾಯಾಧೀಶರಿಗೆ ಷರತ್ತು ಹಾಕಲು ದಾರಿ ಸಿಗುತ್ತದೆ. ನಿಮಗೆ ಸಿಗದ ಮಾಹಿತಿಯನ್ನು ಸಿಗಲಿಲ್ಲ ಎಂದೇ ಬರೆಯಿರಿ, ನಾಚಿಕೆ ಬೇಡ.

ಬಿಡಬಾರದು ಅನ್ನಿಸಿದರೆ ಅದನ್ನೂ ನೇರವಾಗಿ ಬರೆಯಬೇಕು. ಎಲ್ಲರಿಗೂ ಕರುಣೆ ತೋರಿಸಿದರೆ ನಿಮ್ಮ ವರದಿಯನ್ನು ಓದುವುದನ್ನೇ ಬಿಡುತ್ತಾರೆ.

1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಳವಿಗೆ ಹಳೆಯ ದಂಡ ಸಂಹಿತೆಯ 379ನೇ ಕಲಮಿನ ಜಾಗದಲ್ಲಿ ಈಗ 303. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು, ಮೊದಲ ಸಲದ ಶಿಕ್ಷೆ, ವಸ್ತು ಅಥವಾ ಅದರ ಬೆಲೆ ವಾಪಸ್ ಎಂದಾದರೆ ಅಲ್ಲಿ ಸಮುದಾಯ ಸೇವೆಯೇ ಶಿಕ್ಷೆ. ಹೀಗಾಗಿ ವಸ್ತುವಿನ ಬೆಲೆಯನ್ನು ಪಂಚನಾಮೆಯಿಂದ ನೋಡಿ ಬರೆಯಿರಿ, ಅಂದಾಜು ಬೇಡ.

ಲಕೋಟೆ, ಆಮೇಲಿನ ಕೆಲಸ

7ನೇ ಕಲಮಿನ ಪ್ರಕಾರ ವರದಿ ಗೋಪ್ಯ. ಮುಚ್ಚಿದ ಲಕೋಟೆಯಲ್ಲಿ ಕಳಿಸಿ. ಸಾರಾಂಶವನ್ನು ಅಪರಾಧಿಗೆ ತಿಳಿಸಿ ಅವನ ಉತ್ತರ ಕೇಳುವ ಅಧಿಕಾರ ಕೋರ್ಟಿಗಿದೆ, ನಮಗಿಲ್ಲ. ಚಹಾದಂಗಡಿಯಲ್ಲಿ ವಕೀಲರು ‘ಏನ್ ಬರ್ದೀರಿ ಸರ’ ಎಂದು ಸುಮ್ನೆ ಕೇಳುತ್ತಾರೆ. ನಕ್ಕು ಚಹಾ ಕುಡಿದು ಬನ್ನಿ. ವಾಟ್ಸಾಪಿನಲ್ಲಿ ಕರಡು ಹರಿದಾಡಿಸುವುದಂತೂ ಬೇಡವೇ ಬೇಡ.

ಹುಡುಗನನ್ನು ಬಿಟ್ಟರೆ ಮೇಲ್ವಿಚಾರಣೆಯ ಕಡತ ಶುರು. 12ನೇ ಕಲಮಿನ ಕಾರಣ, 3 ಅಥವಾ 4ರ ಕೆಳಗೆ ಬಿಡುಗಡೆಯಾದವನಿಗೆ ಶಿಕ್ಷೆಯಾದ ಕಾರಣಕ್ಕೆ ಬರುವ ಅನರ್ಹತೆ ತಟ್ಟುವುದಿಲ್ಲ. ಇದನ್ನು ಅವನಿಗೂ ಮನೆಯವರಿಗೂ ಕೂಡಿಸಿ ಹೇಳಿ, ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ಷರತ್ತು ಮುರಿದರೆ ಕೋರ್ಟು ಮತ್ತೆ ಕರೆಸಿ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು, ಮೊದಲ ಸಲವಾದರೆ ಐವತ್ತು ರೂಪಾಯಿವರೆಗೆ ದಂಡ ಹಾಕಿ ಬಿಡಲೂಬಹುದು.

ಹಾಜರಿಯ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡಬೇಡಿ, ಅವನನ್ನು ಕೇಳಿ ಮಾಡಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಸೋಮವಾರ ಮತ್ತು ಗುರುವಾರ. ಅಲ್ಲಿ ಚೀಲ ಹೊರುವ ಹುಡುಗನಿಗೆ ಸೋಮವಾರ ಹತ್ತೂವರೆಗೆ ಕಚೇರಿಗೆ ಬಾ ಎಂದರೆ, ಸುಗ್ಗಿಯಲ್ಲಿ ಎರಡು ಸಲ ಬಂದಾನು. ಮೂರನೇ ಸಲಕ್ಕೆ ಅವನ ಹೆಸರಿನ ಮುಂದೆ ಗೈರು ಬೀಳುತ್ತದೆ. ಮಂಗಳವಾರ ಕೊಡಿ.