ಮೂಗು ಸೋರುವ ಮನೆಯಲ್ಲಿ ಒಂದು ನೋಟ್‌ಬುಕ್

ಮಗಳು ಪ್ಲೇ ಸ್ಕೂಲಿಗೆ ಹೋಗಲು ಶುರು ಮಾಡಿದ ವರ್ಷ ನಮ್ಮ ಮನೆಯಲ್ಲಿ ಯಾರದಾದರೂ ಮೂಗು ಸೋರುತ್ತಲೇ ಇತ್ತು. ಅವಳಿಗೆ ವಾಸಿಯಾಗುವಷ್ಟರಲ್ಲಿ ತಮ್ಮನಿಗೆ, ಅವನದು ಇಳಿಯುವಷ್ಟರಲ್ಲಿ ನನಗೆ, ನಾನು ಎದ್ದು ಕೂತೆ ಅನ್ನುವಾಗ ಮತ್ತೆ ಅವಳಿಗೆ. ನನ್ನಿಂದಲೇ ಏನೋ ತಪ್ಪಾಗ್ತಿದೆ ಅಂದುಕೊಂಡಿದ್ದೆ. ಮಕ್ಕಳ ಡಾಕ್ಟರು ನಕ್ಕರು. "ಈ ವಯಸ್ಸಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿ ಮಾಮೂಲಿ. ನೆಗಡಿ ತರುವ ವೈರಸ್‌ಗಳೇ 200ಕ್ಕಿಂತ ಜಾಸ್ತಿ ಇವೆ. ಒಂದೊಂದರ ಪರಿಚಯ ಆಗ್ತಾ ಇದೆ ಅಷ್ಟೆ" ಅಂದರು. ನೆಗಡಿಯೇ ಬರಬಾರದು ಅನ್ನುವ ಹಟವನ್ನು ಅವತ್ತು ಬಿಟ್ಟೆ. ಬರುವುದು ಸ್ವಲ್ಪ ಕಡಿಮೆಯಾದರೆ ಸಾಕು, ಬಂದಾಗ ಗಾಬರಿಯಲ್ಲಿ ಎಡವಟ್ಟು ಮಾಡದಿದ್ದರೆ ಸಾಕು.

ಎಡವಟ್ಟು ಆಗಲೇ ಒಂದು ಆಗಿತ್ತು. ಒಂದು ರಾತ್ರಿ ಮಗಳಿಗೆ 102 ಡಿಗ್ರಿ ಜ್ವರ. 10 ಗಂಟೆಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಮಲಗಿದೆ. ಹನ್ನೊಂದೂವರೆಗೆ ಎಚ್ಚರವಾದ ನನ್ನ ಗಂಡ ಮೈ ಮುಟ್ಟಿ ನೋಡಿ, ಇನ್ನೂ ಸುಡ್ತಿದೆ ಅಂತ ಅದನ್ನೇ ಇನ್ನೊಮ್ಮೆ ಕುಡಿಸಿದ್ದಾರೆ. ಬೆಳಗ್ಗೆ ಇಬ್ಬರೂ "ನಾನು ಕೊಟ್ಟೆ" ಅಂದಾಗ ನನ್ನ ಕೈಕಾಲು ತಣ್ಣಗಾಯಿತು. ಅಷ್ಟೇ ಅಲ್ಲ, ಸಂಜೆ ಕೊಟ್ಟಿದ್ದ ನೆಗಡಿ ಸಿರಪ್‌ನ ಲೇಬಲ್ ಓದಿದರೆ ಅದರಲ್ಲೂ ಪ್ಯಾರಾಸಿಟಮಾಲ್ ಇತ್ತು! ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಚೆನ್ನಾಗಿ ಬೈಸಿಕೊಂಡೆ. ಜಾಸ್ತಿಯಾದರೆ ಈ ಔಷಧಿ ಲಿವರನ್ನೇ ಹಾಳು ಮಾಡುತ್ತದೆ. ಚಿಕ್ಕ ಮಕ್ಕಳಿಗೆ ನೆಗಡಿ-ಕೆಮ್ಮಿನ ಸಿರಪ್ ನಾವಾಗೇ ತಂದು ಕೊಡುವುದೂ ಸರಿಯಲ್ಲವಂತೆ. ಆಸ್ಪಿರಿನ್ ಅಂತೂ ಮಕ್ಕಳ ಜ್ವರಕ್ಕೆ ಕೊಡಲೇಬಾರದು.

ಅವತ್ತೇ ಒಂದು ನೋಟ್‌ಬುಕ್ ತಂದು ಫ್ರಿಜ್‌ಗೆ ಪೆನ್ನಿನ ಸಮೇತ ನೇತುಹಾಕಿದೆ. ಮೊದಲ ಪುಟದಲ್ಲಿ ಇಬ್ಬರ ತೂಕ ಇದೆ. ಡೋಸ್ ಲೆಕ್ಕ ಹಾಕುವುದು ತೂಕದ ಮೇಲೆ, ಅದಕ್ಕೇ ಆಗಾಗ ತೂಕ ನೋಡಿ ತಿದ್ದುತ್ತೇನೆ. ಆಮೇಲೆ ಗೆರೆ ಎಳೆದ ಪುಟಗಳು: ಎಷ್ಟು ಹೊತ್ತಿಗೆ, ಜ್ವರ ಎಷ್ಟು, ಯಾವ ಔಷಧಿ, ಎಷ್ಟು ಎಂಎಲ್, ಉಚ್ಚೆ ಹೊಯ್ದದ್ದು ಯಾವಾಗ. ಬರೆಯದೆ ಯಾರೂ ಬಾಟಲಿ ಮುಚ್ಚಳ ತೆಗೆಯುವಂತಿಲ್ಲ. ಅಡುಗೆಮನೆಯ ಚಮಚಕ್ಕೂ ರಜೆ ಕೊಟ್ಟಿದ್ದೇನೆ, ಔಷಧಿ ಈಗ ಸಿರಿಂಜಿನಲ್ಲೇ ಅಳೆಯುವುದು.

ಇನ್ನು ಕೈ ತೊಳೆಯುವ ವಿಷಯ. ಎಲ್ಲರೂ ಹೇಳುವುದೇ, ನಾನೂ ಹೇಳುತ್ತಿದ್ದೆ. ಒಂದು ದಿನ ಮಗಳು ಬಣ್ಣ ಬಳಿದುಕೊಂಡು ಬಂದಳು. "ತೊಳೆದೆ ಅಮ್ಮಾ" ಅಂತ ಕೈ ತೋರಿಸಿದಳು. ಅಂಗೈ ಫಳಫಳ. ಹೆಬ್ಬೆರಳ ಸುತ್ತ, ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಮಾತ್ರ ನೀಲಿ ಹಾಗೇ ಇತ್ತು. ಅಂದರೆ ಇಷ್ಟು ದಿನ ಇವಳು ಬರೀ ಅಂಗೈ ತೊಳೆಯುತ್ತಿದ್ದಳು, ಅಲ್ವಾ? ಈಗ ಸೋಪು ಹಚ್ಚಿ ನಿಧಾನವಾಗಿ 20ರವರೆಗೆ ಎಣಿಸುತ್ತೇವೆ. ಮೊದಲ ಸರದಿ ಹೆಬ್ಬೆರಳಿನದು. ಸ್ಕೂಲಿನಿಂದ ಬಂದ ತಕ್ಷಣ, ಊಟಕ್ಕೆ ಮುಂಚೆ, ಮೂಗು ಒರೆಸಿದ ಮೇಲೆ. ಇಷ್ಟು ಬಿಟ್ಟು ದಿನವಿಡೀ ಕೈ ತೊಳೆಸುವ ಹುಚ್ಚು ನನಗಿಲ್ಲ. ಕೆಮ್ಮು ಬಂದರೆ ಅಂಗೈಗಲ್ಲ, ಮೊಣಕೈ ಮಡಚಿ ಅದಕ್ಕೆ ಕೆಮ್ಮೋದು ಅನ್ನುವುದನ್ನು ಚಿಕ್ಕವನು ಅಕ್ಕನನ್ನು ನೋಡಿಯೇ ಕಲಿತ.

ಫ್ಲೂ ಮಾತ್ರ ಬೇರೆಯೇ ಜಾತಿ. ಮಧ್ಯಾಹ್ನ ಕುಣಿಯುತ್ತಿದ್ದ ಮಗು ಸಂಜೆಗೆ 103 ಡಿಗ್ರಿ, ಮೈಕೈ ನೋವು, ಕಣ್ಣು ಬಿಡಲೂ ಬೇಜಾರು. ನೆಗಡಿ ಮೆಲ್ಲಗೆ ಬರುತ್ತದೆ, ಇದು ಧಡಕ್ಕನೆ ಬೀಳಿಸುತ್ತದೆ. ಆ ವಾರ ಕಂಡ ಮೇಲೆ ಪ್ರತಿ ವರ್ಷ ಫ್ಲೂ ಲಸಿಕೆ ತಪ್ಪಿಸಿಲ್ಲ. ಮಗುವಿಗೆ 6 ತಿಂಗಳು ತುಂಬಿದ ಮೇಲೆ ಕೊಡಿಸಬಹುದು. ಚಿಕ್ಕ ಮಕ್ಕಳಿಗೆ ಮೊದಲ ಸಲ 4 ವಾರ ಬಿಟ್ಟು ಎರಡು ಡೋಸ್ ಬೇಕು. ಹಾಕಿಸಿದ ಮೇಲೆ ಅದು ಕೆಲಸಕ್ಕೆ ಬರಲು ಸುಮಾರು 2 ವಾರ ಹಿಡಿಯುತ್ತದೆ. ಹಾಗಾಗಿ ಅಕ್ಕಪಕ್ಕದ ಮಕ್ಕಳೆಲ್ಲ ಮಲಗಿದ ಮೇಲೆ ಓಡುವುದಲ್ಲ, ಮೊದಲೇ ಹೋಗಬೇಕು. ಲಸಿಕೆ ಹಾಕಿಸಿದರೂ ನೆಗಡಿ ಬರುತ್ತದೆ, ಈ ಲಸಿಕೆ ಇರುವುದು ಫ್ಲೂಗೆ ಮಾತ್ರ.

ಗೊಣ್ಣೆ ಹಸಿರಾಯಿತು ಅಂತ ಆಂಟಿಬಯೋಟಿಕ್ ಕೇಳುವುದನ್ನೂ ನಿಲ್ಲಿಸಿದೆ. ನೆಗಡಿಯಲ್ಲಿ ಬಣ್ಣ ಬದಲಾಗುವುದು ಸಹಜ, ವೈರಸ್‌ಗೆ ಆ ಮಾತ್ರೆ ನಾಟುವುದೂ ಇಲ್ಲ. ಮೂಗು ಕಟ್ಟಿದರೆ ಮಲಗುವ ಮುಂಚೆ ಸಲೈನ್ ಡ್ರಾಪ್ಸ್ ಹಾಕುತ್ತೇನೆ. ರಾತ್ರಿ ಕೆಮ್ಮಿಗೆ ಅರ್ಧ ಚಮಚ ಜೇನುತುಪ್ಪ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಲೂ ಬಾರದು. ಉಳಿದದ್ದು ನಿದ್ದೆ, ನೀರು, ಸುಮ್ನೆ ಪಕ್ಕದಲ್ಲಿ ಕೂರೋದು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದ ವಿದ್ಯೆ ಅಂದರೆ ಉಸಿರು ಎಣಿಸುವುದು. ಮಗನಿಗೆ 2 ವರ್ಷವಿದ್ದಾಗ ಒಂದು ರಾತ್ರಿ ಜ್ವರ ಅಷ್ಟೇನಿರಲಿಲ್ಲ, 100.6. ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಅಂಗಿ ಎತ್ತಿ, ದೀಪ ಹಾಕಿ, ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನೇ ನೋಡಿದೆ. 54. ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದರೇ ಜೋರು ಅಂತ ಲೆಕ್ಕ. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಚರ್ಮ ಒಳಗೆ ಹೋಗುತ್ತಿತ್ತು. ಬೆಳಗಾಗಲಿ ಅಂತ ಕಾಯಲಿಲ್ಲ, ಆಗಲೇ ಆಸ್ಪತ್ರೆಗೆ ಹೊರಟೆವು. ಅಲ್ಲಿ "ಕೊನೆಗೆ ಯಾವಾಗ ಉಚ್ಚೆ ಮಾಡಿದ? ಔಷಧಿ ಎಷ್ಟು ಹೊತ್ತಿಗೆ ಕೊಟ್ರಿ?" ಅಂತ ಕೇಳಿದಾಗ ನಾನು ತೊದಲಲಿಲ್ಲ. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಕೊಟ್ಟೆ. ಎರಡು ದಿನ ಆಕ್ಸಿಜನ್ ಕೊಟ್ಟು ನೋಡಿಕೊಂಡರು, ಮೂರನೇ ದಿನ ಮನೆಗೆ ಬಂದೆವು. ಮೂರು ತಿಂಗಳೊಳಗಿನ ಕೂಸಾದರೆ ಇಷ್ಟು ಎಣಿಸುತ್ತಾ ಕೂರುವುದೂ ಬೇಡ. 100.4 ಮುಟ್ಟಿದರೆ ನೇರ ಡಾಕ್ಟರ ಹತ್ತಿರ.

ಸ್ಕೂಲಿಗೆ ಕಳಿಸುವ ವಿಷಯದಲ್ಲಿ ನಾನೇನೂ ಸಾಚಾ ಅಲ್ಲ. ರಜೆ ಸಿಗದ ದಿನ ಬೆಳಗ್ಗೆ ಮಗಳಿಗೆ ಸಿರಪ್ ಕುಡಿಸಿ ಕಳಿಸಿದ್ದುಂಟು. ಹನ್ನೊಂದಕ್ಕೆಲ್ಲ ಟೀಚರ್ ಫೋನ್ ಬಂತು, ವಾರದೊಳಗೆ ಅವಳ ಬೆಂಚಿನಲ್ಲಿ ಕೂರುವ ಇಬ್ಬರೂ ಮಲಗಿದರು. ಅವರ ಅಮ್ಮಂದಿರ ಮುಖ ನೋಡಲಾಗಲಿಲ್ಲ. ಈಗ ಔಷಧಿ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಮಾತ್ರ ಯೂನಿಫಾರ್ಮ್ ಹಾಕುವುದು. ಈ ವಾರ ಚಿಕ್ಕವನ ಸರದಿ. ನೋಟ್‌ಬುಕ್ಕಿನಲ್ಲಿ ಇವತ್ತು ಮಧ್ಯಾಹ್ನ 2 ಗಂಟೆಗೆ 100.8 ಅಂತಿದೆ. ಹಾಗಾಗಿ ನಾಳೆಯೂ ಅವನು ಮನೆಯಲ್ಲೇ. ಆಫೀಸಿಗೆ ರಜೆ ಯಾರು ಹಾಕುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.