ವೇಗದ ಹೈಡ್ರೋಜನ್ ಪರಮಾಣು ಅನಿಲಕ್ಕೆ ಬಡಿದಾಗ: ಅಯಾನೀಕರಣ ಅಳೆಯುವ ಬಗೆ

ವೇಗದ ಪರಮಾಣು ಬಡಿದು ಅನಿಲದ ಎಲೆಕ್ಟ್ರಾನ್ ಕಿತ್ತುಬರುವುದೇ ಅಯಾನೀಕರಣ; ಅದು ಎಷ್ಟೆಂದು ಅಳೆಯಲು ಬಡಿಯುವ ಕಣಗಳ ಲೆಕ್ಕ ಬೇಕು. ಪ್ರೋಟಾನ್ ಬೀಮ್ ಆದರೆ ಫ್ಯಾರಡೆ ಕಪ್ಪಿಗೆ (ಕಣಗಳ ವಿದ್ಯುದಂಶ ಹಿಡಿಯುವ ಲೋಹದ ಬಟ್ಟಲು) ಬಿಟ್ಟು ಕರೆಂಟ್ ಓದಿದರೆ ಸಾಕು, ಕಣಗಳ ಲೆಕ್ಕ ಸಿಕ್ಕಿಬಿಡುತ್ತದೆ. ಹೈಡ್ರೋಜನ್ ಪರಮಾಣುವಿಗೆ ವಿದ್ಯುದಂಶವೇ ಇಲ್ಲ. ಸಾಲದ್ದಕ್ಕೆ ಡಿಕ್ಕಿಯಲ್ಲಿ ಅದು ತನ್ನ ಎಲೆಕ್ಟ್ರಾನನ್ನೇ ಕಳೆದುಕೊಳ್ಳಬಹುದು, ಅಥವಾ ಇನ್ನೊಂದನ್ನು ಕಸಿದುಕೊಂಡು ಋಣ ಅಯಾನ್ ಆಗಬಹುದು. ಹಾಗಾಗಿ ಎರಡು ಕೆಲಸ: ಕಾಣದ ಕಣಗಳನ್ನು ಎಣಿಸುವುದು, ಸಿಕ್ಕ ಕರೆಂಟಿನಲ್ಲಿ ಯಾವುದು ಯಾರದ್ದೆಂದು ಬೇರ್ಪಡಿಸುವುದು. ಕೆಳಗಿನ ಕ್ರಮ 20 ಕೆಇವಿ (ಸಾವಿರ ಎಲೆಕ್ಟ್ರಾನ್‌ವೋಲ್ಟ್, ಅಂದರೆ ಸಾವಿರ ಇವಿ; ಕಣದ ಶಕ್ತಿಯ ಅಳತೆ) ಪರಮಾಣುಗಳನ್ನು ಆರ್ಗಾನ್‌ನಲ್ಲಿ ಹಾಯಿಸಿ, ಎರಡು ಸಮಾಂತರ ಫಲಕಗಳಿಂದ ಅಳೆಯುವುದಕ್ಕೆ.

ಮೊದಲು ಬೀಮ್. ಅಯಾನ್ ಮೂಲದಿಂದ ಪ್ರೋಟಾನ್ ಜತೆಗೆ ಎರಡು, ಮೂರು ಪರಮಾಣುಗಳ ಅಯಾನುಗಳೂ ಬರುತ್ತವೆ. ಅಯಸ್ಕಾಂತದಿಂದ ಬೇರ್ಪಡಿಸದೆ ತಟಸ್ಥಗೊಳಿಸಿದರೆ 20 ಕೆಇವಿಯ ಪರಮಾಣುಗಳಿಗೆ 10 ಮತ್ತು 6.7 ಕೆಇವಿಯವೂ ಬೆರೆತುಹೋಗುತ್ತವೆ. ಆಮೇಲೆ ಅವನ್ನು ಬಿಡಿಸಲು ದಾರಿಯಿಲ್ಲ. ಪ್ರೋಟಾನ್‌ಗಳನ್ನಷ್ಟೇ ಆರಿಸಿ, ಹೈಡ್ರೋಜನ್ ಅನಿಲ ತುಂಬಿದ ಚಿಕ್ಕ ಕೋಶದ ಮೂಲಕ ಹಾಯಿಸಿ; ಅಲ್ಲಿ ಅನಿಲದಿಂದ ಎಲೆಕ್ಟ್ರಾನ್ ಕಸಿದುಕೊಂಡ ಪ್ರೋಟಾನ್ ತಟಸ್ಥ ಪರಮಾಣುವಾಗುತ್ತದೆ. ಹತ್ತು-ಇಪ್ಪತ್ತು ಶೇಕಡ ತಟಸ್ಥವಾದರೆ ಸಾಕು. ಹೆಚ್ಚು ಬೀಮ್ ಬೇಕೆಂದು ಅನಿಲ ಏರಿಸಿದರೆ ಬೀಮ್ ಚದುರುತ್ತದೆ.

ಕೋಶದ ಆಚೆ ಕೆಲವು ಸೆಂಟಿಮೀಟರ್ ಉದ್ದದ ವಿಚಲನ ಫಲಕಗಳಿಗೆ ಸೆಂ.ಮೀ.ಗೆ 1 ಕಿಲೋವೋಲ್ಟ್ ಕೊಡಿ. ಇದು ಉಳಿದ ಪ್ರೋಟಾನ್‌ಗಳನ್ನು ಗುಡಿಸುವುದಕ್ಕೆ ಮಾತ್ರವಲ್ಲ. ಹೊಸದಾಗಿ ಹುಟ್ಟಿದ ಪರಮಾಣುಗಳಲ್ಲಿ ಒಂದು ಪಾಲು 2ಎಸ್ ಎಂಬ ಹೆಚ್ಚು ಶಕ್ತಿಯ ಸ್ಥಿತಿಯಲ್ಲಿರುತ್ತದೆ. ಹಾಗೇ ಬಿಟ್ಟರೆ ಅದರ ಆಯುಷ್ಯ 0.12 ಸೆಕೆಂಡ್, ಅಂದರೆ ಈ ವೇಗಕ್ಕೆ ಅದು ಉಪಕರಣವನ್ನೇ ದಾಟಿ ಹೋಗುತ್ತದೆ. ಈ ಬಲದ ಕ್ಷೇತ್ರದಲ್ಲಾದರೆ ಕೆಲವೇ ನ್ಯಾನೋಸೆಕೆಂಡಿನಲ್ಲಿ ತಳಸ್ಥಿತಿಗೆ ಇಳಿಯುತ್ತದೆ. 20 ಕೆಇವಿಯ ಪರಮಾಣು ನ್ಯಾನೋಸೆಕೆಂಡಿಗೆ ಸುಮಾರು 2 ಮಿ.ಮೀ. ಓಡುತ್ತದೆ, ಆದ್ದರಿಂದ 3 ಸೆಂ.ಮೀ. ಸಾಕು. ಬಿಟ್ಟುಬಿಟ್ಟರೆ ಸಡಿಲ ಎಲೆಕ್ಟ್ರಾನಿನ ಈ ಪರಮಾಣುಗಳು ಫಲಿತಾಂಶವನ್ನು ಉಬ್ಬಿಸುತ್ತವೆ.

ಡಿಕ್ಕಿ ಕೋಶದೊಳಗೆ 3 ಸೆಂ.ಮೀ. ಅಂತರದ ಎರಡು ಫಲಕಗಳು: ಧನ ಫಲಕ ಎಲೆಕ್ಟ್ರಾನ್‌ಗಳನ್ನು, ಋಣ ಫಲಕ (ಅಯಾನ್ ಫಲಕ) ಧನ ಅಯಾನುಗಳನ್ನು ಸೆಳೆಯುತ್ತದೆ. ನಡುವಿನ 5 ಸೆಂ.ಮೀ. ಮಾತ್ರ ಸಂಗ್ರಾಹಕ, ಆ ಬದಿ ಈ ಬದಿ ಅದೇ ವೋಲ್ಟೇಜಿನ 2-3 ಸೆಂ.ಮೀ. ಗಾರ್ಡ್ ಪ್ಲೇಟ್ (ಕರೆಂಟಿನ ಲೆಕ್ಕಕ್ಕೆ ಸೇರದ ಅಂಚಿನ ಫಲಕ). ಗಾರ್ಡ್ ಏಕೆ ಇಷ್ಟು ಉದ್ದ? ಪರಮಾಣು ಕಳಚಿದ ಎಲೆಕ್ಟ್ರಾನ್ ನಿಂತಲ್ಲೇ ಬೀಳುವುದಿಲ್ಲ. ಅದು ಪರಮಾಣುವಿನ ವೇಗದಲ್ಲೇ, ಸುಮಾರು 11 ಇವಿ ಶಕ್ತಿಯಲ್ಲಿ ಮುಂದಕ್ಕೆ ಓಡುತ್ತದೆ. 200 ವೋಲ್ಟ್ ಕೊಟ್ಟಾಗಲೂ ಫಲಕ ಮುಟ್ಟುವಷ್ಟರಲ್ಲಿ ಸುಮಾರು 1 ಸೆಂ.ಮೀ. ಜಾರಿರುತ್ತದೆ. ಹಿಂದಿನ ಗಾರ್ಡ್ ಭಾಗದಿಂದ ಜಾರಿ ಬಂದದ್ದು, ಮುಂದಕ್ಕೆ ಜಾರಿ ಹೋದದ್ದನ್ನು ತುಂಬಿಕೊಡುತ್ತದೆ. ಅದಕ್ಕೇ ಗಾರ್ಡ್ ಭಾಗದಲ್ಲೂ ಅನಿಲದ ಒತ್ತಡ ಅಷ್ಟೇ ಇರಬೇಕು.

200 ವೋಲ್ಟ್ ಎಂಬುದಕ್ಕೂ ಕಾರಣವಿದೆ. ಗುರಿಯಾದ ಆರ್ಗಾನ್‌ನಿಂದ ಚಿಮ್ಮುವ ಎಲೆಕ್ಟ್ರಾನ್‌ಗಳಲ್ಲಿ ಬಹುಪಾಲು 44 ಇವಿಯೊಳಗೇ. ಬೀಮ್ ನಟ್ಟನಡುವೆ ಹೋಗುವುದರಿಂದ ತಪ್ಪು ಫಲಕದ ಕಡೆ ಓಡಿದ್ದನ್ನು ತಿರುಗಿಸಲು ಸಿಗುವುದು ಅರ್ಧ ವೋಲ್ಟೇಜ್, 100. ಆದರೂ ಲೆಕ್ಕವನ್ನು ನಂಬಿ ಕೂರಬೇಡಿ. 20ರಿಂದ 300 ವೋಲ್ಟ್‌ವರೆಗೆ ಏರಿಸುತ್ತ ಎರಡೂ ಕರೆಂಟ್ ಸಮತಟ್ಟಾಗುವ ಜಾಗ ನೋಡಿ. ಸಮತಟ್ಟಾಗದೆ ಏರುತ್ತಲೇ ಇದ್ದರೆ ಅಯಾನ್ ಫಲಕದಿಂದಲೇ ಎಲೆಕ್ಟ್ರಾನ್ ಹೊರಡುತ್ತಿರುವ ಸಂಶಯ. ಅಲ್ಲಿಂದ ಹೊರಟ ಒಂದು ಎಲೆಕ್ಟ್ರಾನ್ ಎರಡೂ ಮೀಟರ್‌ಗಳಲ್ಲಿ ಸುಳ್ಳು ಸೇರಿಸುತ್ತದೆ. ಆ ಫಲಕದ ಮುಂದೆ ತೆಳು ಜಾಲರಿ ಇಟ್ಟು ಫಲಕಕ್ಕಿಂತ 20-30 ವೋಲ್ಟ್ ಹೆಚ್ಚು ಋಣದಲ್ಲಿಡಿ. ಜಾಲರಿ ತಡೆಯುವ ಅಯಾನುಗಳ ಪಾಲನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಒತ್ತಡ 0.02 ಪಾಸ್ಕಲ್ ಆಸುಪಾಸಿರಲಿ. 25 ಡಿಗ್ರಿಯಲ್ಲಿ ಅದು ಘನ ಸೆಂ.ಮೀ.ಗೆ ಸುಮಾರು 4.9 × 10¹² ಪರಮಾಣು. ಅಡ್ಡಛೇದ (ಡಿಕ್ಕಿಯ ಸಾಧ್ಯತೆಯನ್ನು ಗುರಿಯ ಹರವಾಗಿ ಹೇಳುವ ಅಳತೆ) 10⁻¹⁶ ಚದರ ಸೆಂ.ಮೀ. ಎಂದಿಟ್ಟುಕೊಂಡರೆ, 5 ಸೆಂ.ಮೀ.ನಲ್ಲಿ ಬೀಮಿನ ಶೇ. 0.24ರಷ್ಟು ಸಂಗ್ರಹವಾಗುತ್ತದೆ: 10 ನ್ಯಾನೋಆಂಪಿಯರಿಗೆ ಸಮನಾದ ಬೀಮಿಗೆ 24 ಪಿಕೋಆಂಪಿಯರ್. ಎಲೆಕ್ಟ್ರೋಮೀಟರಿಗೆ ಇದು ಕಷ್ಟವಲ್ಲ. ಕಷ್ಟವೆಲ್ಲ ಒತ್ತಡದ ಮಾಪಕದಲ್ಲಿ. ಅಯಾನೀಕರಣ ಗೇಜ್ ಇಲ್ಲಿ ಬೇಡ, ಅನಿಲ ಬದಲಾದರೆ ಅದರ ಮಾಪನಾಂಕವೂ ಬದಲಾಗುತ್ತದೆ. ಕೆಪಾಸಿಟೆನ್ಸ್ ಮ್ಯಾನೋಮೀಟರ್ (ಒತ್ತಡಕ್ಕೆ ಬಾಗುವ ಪೊರೆಯಿಂದ ಅಳೆಯುವ ಮಾಪಕ) ಒಳ್ಳೆಯದು, ಆದರೆ ಅದರ ತಲೆ 45 ಡಿಗ್ರಿಗೆ ಕಾಯ್ದಿರುತ್ತದೆ. ಇಷ್ಟು ಕಡಿಮೆ ಒತ್ತಡದಲ್ಲಿ ಅದು ಕೋಶಕ್ಕಿಂತ ಸುಮಾರು ಶೇ. 3 ಹೆಚ್ಚು ತೋರಿಸುತ್ತದೆ, 0.968ರಿಂದ ಗುಣಿಸಿ. ಪಾದರಸದ ಮ್ಯಾಕ್ಲಿಯಡ್ ಗೇಜಿನಿಂದ ಅಳೆದ ಹಳೆಯ ಅಂಕಿಗಳ ಜತೆ ಹೋಲಿಸುವಾಗಲೂ ಎಚ್ಚರ: ಶೀತಬಲೆಯ (ಆವಿಯನ್ನು ಹೆಪ್ಪುಗಟ್ಟಿಸಿ ಹಿಡಿಯುವ ತಣ್ಣನೆಯ ಭಾಗ) ಕಡೆ ಹರಿಯುವ ಪಾದರಸದ ಆವಿ ಅನಿಲವನ್ನು ಹಿಂದಕ್ಕೆ ತಳ್ಳಿ ಒತ್ತಡವನ್ನು ಕಡಿಮೆ ತೋರಿಸುತ್ತಿತ್ತು, ಅಡ್ಡಛೇದ ದೊಡ್ಡದಾಗಿ ಬರುತ್ತಿತ್ತು.

ಈಗ ಪರಮಾಣುಗಳ ಎಣಿಕೆ. ಲೋಹದ ಫಲಕಕ್ಕೆ ಬಡಿಸಿ ಹೊರಬರುವ ಎಲೆಕ್ಟ್ರಾನ್ ನೋಡುವುದು ಸುಲಭವೇನೋ ಹೌದು, ಆದರೆ ಪ್ರೋಟಾನಿಗೂ ಪರಮಾಣುವಿಗೂ ಅದರ ಗುಣಾಂಕ (ಒಂದು ಕಣಕ್ಕೆ ಎಷ್ಟು ಎಲೆಕ್ಟ್ರಾನ್ ಎಂಬುದು) ಒಂದೇ ಅಲ್ಲ. ಶಾಖವನ್ನು ನಂಬಿ. ಮೊದಲು ಪ್ರೋಟಾನ್ ಬೀಮನ್ನು ಫ್ಯಾರಡೆ ಕಪ್ಪಿನಲ್ಲಿ ಅಳೆದು, ಅದನ್ನೇ ಥರ್ಮೋಪೈಲಿಗೆ (ಶಾಖವನ್ನು ವೋಲ್ಟೇಜಾಗಿ ತೋರಿಸುವ ಮಾಪಕ) ಬಿಡಿ: 10 ನ್ಯಾನೋಆಂಪಿಯರ್, 20 ಕಿಲೋವೋಲ್ಟ್ ಅಂದರೆ 0.2 ಮಿಲಿವ್ಯಾಟ್. ಬಳಿಕ ತಟಸ್ಥ ಬೀಮಿಗೆ ಅದೇ ಶಾಖ ಬಂದರೆ ಅದೇ ಸಂಖ್ಯೆಯ ಕಣ. ಥರ್ಮೋಪೈಲ್ ನಿಧಾನಿ, ಅದರಿಂದ ಲೋಹದ ಫಲಕದ ಗುಣಾಂಕವನ್ನು ಒಮ್ಮೆ ತೆಗೆದು, ದಿನದ ಕೆಲಸಕ್ಕೆ ಫಲಕ ಬಳಸಿ. ಫಲಕದ ಮೈ ಕೊಳಕಾದಂತೆ ಗುಣಾಂಕ ಬದಲಾಗುವುದರಿಂದ ಆಗಾಗ ಮರಳಿ ನೋಡಬೇಕು.

ಕೊನೆಗೆ ಬೇರ್ಪಡಿಸುವುದು. ಋಣ ಕರೆಂಟಿನಲ್ಲಿ (ಎಲೆಕ್ಟ್ರಾನ್ ಸೆಳೆಯುವ ಫಲಕದ್ದು) ಆರ್ಗಾನಿನ ಎಲೆಕ್ಟ್ರಾನ್‌ಗಳ ಜತೆ ಬೀಮ್ ಕಳಚಿಕೊಂಡವೂ ಇರುತ್ತವೆ. ಧನ ಕರೆಂಟಿನಲ್ಲಿ ಬೀಮಿಗೆ ಎಲೆಕ್ಟ್ರಾನ್ ಕೊಟ್ಟ ಆರ್ಗಾನ್ ಅಯಾನುಗಳೂ ಇರುತ್ತವೆ. ಎರಡೂ ಸಮ ಬರುತ್ತಿಲ್ಲವೆಂದು ವೈರಿಂಗ್ ಬಿಚ್ಚಲು ಹೋಗಬೇಡಿ. ಸಮ ಬಂದರೇ ಅನುಮಾನಪಡಿ. ಕೋಶದಾಚೆ ಬೀಮನ್ನು ಬಾಗಿಸಿ ಪ್ರೋಟಾನ್, ಋಣ ಅಯಾನ್ ಎರಡನ್ನೂ ಬೇರೆ ಬೇರೆ ಕಪ್ಪಿನಲ್ಲಿ ಅಳೆಯಿರಿ. ಋಣ ಅಡ್ಡಛೇದದಿಂದ ಪ್ರೋಟಾನಿನದ್ದನ್ನು, ಧನದಿಂದ ಋಣ ಅಯಾನಿನದ್ದನ್ನು ಕಳೆದಾಗ ಉಳಿಯುವ ಅಯಾನೀಕರಣದ ಎರಡು ಸಂಖ್ಯೆಗಳು ತಾಳೆಯಾಗಬೇಕು. ಆಗದಿದ್ದರೆ ಮೊದಲು ಜಾಲರಿಯ ವೋಲ್ಟೇಜ್, ನಂತರ ಗಾರ್ಡ್ ನೋಡಿ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್ ಇಲ್ಲಿ ಎರಡೆಂದೇ ಎಣಿಕೆಯಾಗುತ್ತದೆ. ಅದನ್ನು ಬಿಡಿಸಲು ಹಾರಾಟದ ಕಾಲ ಅಳೆಯುವ ಬೇರೆ ವ್ಯವಸ್ಥೆ ಬೇಕು.

ಪ್ರತಿ ಶಕ್ತಿಗೂ 0.005ರಿಂದ 0.05 ಪಾಸ್ಕಲ್‌ವರೆಗೆ ಐದಾರು ಒತ್ತಡಗಳಲ್ಲಿ ಅಳೆದು, ಅನಿಲ ನಿಲ್ಲಿಸಿದಾಗಿನ ಕರೆಂಟನ್ನು ಕಳೆದು, ಒತ್ತಡಕ್ಕೆ ಎದುರಾಗಿ ಕರೆಂಟಿನ ಗೆರೆ ಎಳೆಯಿರಿ. ಗೆರೆ ಮೂಲಬಿಂದುವಿನಿಂದ ನೇರ ಹೊರಡಬೇಕು. ಮೇಲ್ತುದಿಯಲ್ಲಿ ಬಾಗಿದರೆ ಒಂದೇ ಕಣ ಎರಡು ಸಲ ಬಡಿಯುತ್ತಿದೆ. ಆ ಬಿಂದುಗಳನ್ನು ಕೈಬಿಟ್ಟು, ನೇರ ಭಾಗದ ಇಳಿಜಾರನ್ನಷ್ಟೇ ತೆಗೆದುಕೊಳ್ಳಿ.