ಹಳೇ ಎಟಿವಿಯ ಮುಂದಿನ ಸಸ್ಪೆನ್ಷನ್: ಏನು ಬದಲಾಯಿಸಬೇಕು, ಏನು ಬಿಡಬಹುದು

ಚಿಕ್ಕಬಳ್ಳಾಪುರದ ಸುತ್ತಮುತ್ತ ದ್ರಾಕ್ಷಿ ತೋಟಗಳಲ್ಲಿ, ನಂದಿ ಬೆಟ್ಟದ ಕೆಳಗಿನ ರೆಸಾರ್ಟುಗಳಲ್ಲಿ ಓಡುವ ಎಟಿವಿಗಳಲ್ಲಿ (ದಪ್ಪ ಟೈರಿನ, ನಾಲ್ಕು ಚಕ್ರದ ಕಚ್ಚಾರಸ್ತೆ ಗಾಡಿ) ವಯಸ್ಸಾದವೇ ಹೆಚ್ಚು. ಮುಂದೆ ಕಟಕಟ ಅಂದ ಕೂಡಲೇ ‘ಶಾಕ್ಸ್ (ಶಾಕ್ ಅಬ್ಸಾರ್ಬರ್) ಹೋಗಿದೆ’ ಅಂದುಬಿಡುತ್ತಾರೆ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಸದ್ದು ಹೊರಡುತ್ತಿದ್ದದ್ದು ಬಹುಪಾಲು ಎ-ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ‘ಎ’ ಆಕಾರದ ತೋಳು) ತಿರುಗುವ ಬುಷ್‌ನಿಂದ, ಇಲ್ಲವೇ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್‌ನ ತುದಿಯ ಕೀಲಿನಿಂದ, ಅಂದರೆ ಟೈ ರಾಡ್ ಎಂಡ್‌ನಿಂದ. ಕೆಡುವ ಸರದಿಯಲ್ಲಿ ಶಾಕ್ಸ್ ಕೊನೆಯದು, ಖರ್ಚಿನಲ್ಲಿ ಮಾತ್ರ ಮೊದಲನೆಯದು. ಹಾಗಾಗಿ ಪ್ರತಿ ಕೀಲನ್ನೂ ಬೇರೆಬೇರೆಯಾಗಿ ಅಲ್ಲಾಡಿಸಿ ನೋಡುವವರೆಗೆ ನಾನು ಯಾವ ಸಾಮಾನನ್ನೂ ತರಿಸುವುದಿಲ್ಲ. ಎಲ್ಲ ಸೇರಿಸಿ ಮಾರುವ ಫುಲ್ ಕಿಟ್ಟಿನಲ್ಲಿ ಅರ್ಧ ಸಾಮಾನು ಶೆಡ್ಡಿನಲ್ಲೇ ತುಕ್ಕು ಹಿಡಿಯುತ್ತದೆ.

ಇಲ್ಲಿ ಹೇಳುವುದು ಮೇಲೊಂದು ಕೆಳಗೊಂದು ಎ-ಆರ್ಮ್ ಇರುವ ಗಾಡಿಗೆ. ಹಳೆಯ ಪೊಲಾರಿಸ್ ಸ್ಪೋರ್ಟ್ಸ್‌ಮನ್‌ಗಳಲ್ಲಿ ಮುಂದೆ ಸ್ಟ್ರಟ್ (ಮೇಲಿನ ಆರ್ಮಿನ ಕೆಲಸವನ್ನೂ ಮಾಡುವ ಶಾಕ್ಸ್) ಇರುತ್ತದೆ, ಆರ್ಮ್ ಕೆಳಗೆ ಮಾತ್ರ. ಅವಕ್ಕೂ ಪರೀಕ್ಷೆಯ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಗಾಳಿ. ಎಟಿವಿ ಟೈರಿಗೆ ಬೇಕಾದದ್ದು ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ. ಪಂಚರ್ ಅಂಗಡಿಯ ಗೇಜಿನಲ್ಲಿ ಅಷ್ಟು ಕಡಿಮೆ ಒತ್ತಡ ಸರಿಯಾಗಿ ಕಾಣುವುದೇ ಇಲ್ಲ, ಕಡಿಮೆ ಒತ್ತಡದ್ದೇ ಗೇಜ್ ಬೇಕು. ಎಡಕ್ಕೂ ಬಲಕ್ಕೂ 2 ಪಿಎಸ್‌ಐ ವ್ಯತ್ಯಾಸವಿದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ, ನಾವು ಸುಮ್ಮನೆ ಟೈ ರಾಡನ್ನು ಬೈಯುತ್ತೇವೆ.

ಆಮೇಲೆ ಕೆಸರೆಲ್ಲ ತೊಳೆದು ಮುಂಭಾಗವನ್ನು ಚಾಸಿ ಕೆಳಗಿನಿಂದ ಎತ್ತಬೇಕು. ಎರಡೂ ಚಕ್ರ ನೆಲ ಬಿಟ್ಟು ತೂಗಾಡಬೇಕು. ಜಾಕ್ ಒಂದನ್ನೇ ನಂಬಬೇಡಿ, ದಪ್ಪ ನೀಲಗಿರಿ ತುಂಡುಗಳನ್ನು ಆಸರೆ ಕೊಡಿ. ನಮ್ಮ ಕಡೆ ಸೈಜುಗಲ್ಲು ಧಾರಾಳ ಸಿಗುತ್ತದೆ ನಿಜ, ಆದರೆ ಕಬ್ಬಿಣದ ಚಾಸಿ ಕಲ್ಲಿನ ಮೇಲೆ ನೇರವಾಗಿ ಕೂತರೆ ಜಾರುತ್ತದೆ. ನಡುವೆ ಮರ ಇರಲೇಬೇಕು.

ಚಕ್ರವನ್ನು ಮೇಲೆ, ಕೆಳಗೆ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇದೆಯೇ? ಇದ್ದರೆ ಇನ್ನೊಬ್ಬರಿಗೆ ಮುಂದಿನ ಬ್ರೇಕ್ ಗಟ್ಟಿಯಾಗಿ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ತೊಂದರೆ ಚಕ್ರದ ಬೇರಿಂಗ್‌ನಲ್ಲಿದೆ, ಏಕೆಂದರೆ ಬ್ರೇಕ್ ಚಕ್ರದ ನಡುವಿನ ಹಬ್ ಅನ್ನು ನಕಲ್‌ಗೆ (ಚಕ್ರವನ್ನು ಹೊತ್ತು ಸ್ಟೀರಿಂಗ್ ಜೊತೆ ತಿರುಗುವ ಲೋಹದ ತುಂಡು) ಕಚ್ಚಿ ಹಿಡಿಯುತ್ತದೆ. ಆಗಲೂ ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಆರ್ಮನ್ನು ನಕಲ್‌ಗೆ ಸೇರಿಸುವ ಗುಂಡಿನ ಕೀಲು) ಅಥವಾ ಬುಷ್. ಇದಿಷ್ಟು ಮಾಡದೆ ಬೇರಿಂಗ್ ಬದಲಾಯಿಸಿ, ಆಟ ಹಾಗೇ ಉಳಿದು ತಲೆ ಕೆರೆದುಕೊಳ್ಳುವವರು ಬಹಳ.

ಬೇರಿಂಗೇ ಹೋಗಿದ್ದರೆ ಅದಕ್ಕೆ ಕಂಪನಿ ಪೊಟ್ಟಣ ಬೇಕಿಲ್ಲ. ಪಕ್ಕದಲ್ಲೇ ನಂಬರು ಕೊರೆದಿರುತ್ತದೆ. 6203 ಅಂತಿದ್ದರೆ ಒಳಗೆ 17, ಹೊರಗೆ 40, ಅಗಲ 12 ಮಿಲಿಮೀಟರ್. ಬೇರಿಂಗ್ ಅಂಗಡಿಯಲ್ಲಿ ಅದೇ ನಂಬರಿನದು ಸಿಗುತ್ತದೆ. ಎರಡೂ ಕಡೆ ರಬ್ಬರ್ ಸೀಲ್ ಇರುವ ‘2ಆರ್‌ಎಸ್’ ಕೇಳಿ. ತಗಡಿನ ಮುಚ್ಚಳದ ‘ಜೆಡ್‌ಜೆಡ್’ ಧೂಳು ತಡೆದೀತು, ಕೆರೆಯಂಚಿನ ನೀರು ತಡೆಯುವುದಿಲ್ಲ. ಹಬ್‌ನ ಆಯಿಲ್ ಸೀಲನ್ನೂ ಜೊತೆಗೇ ಹೊಸದು ಹಾಕಿ.

ಬಾಲ್ ಜಾಯಿಂಟ್‌ಗೆ ಟೈರಿನ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಬೇಕು. ಇನ್ನೊಂದು ಕೈಯ ಬೆರಳು ಜಾಯಿಂಟಿಗೂ ನಕಲ್‌ಗೂ ನಡುವೆ ಇರಲಿ. ‘ಟಕ್’ ಎಂದು ಬೆರಳಿಗೆ ತಾಗಿದರೆ ಮುಗಿಯಿತು, ಇನ್ನೊಂದು ಸೀಸನ್ ನೋಡೋಣ ಅನ್ನುವ ಮಾತೇ ಇಲ್ಲ. ಬುಷ್ ಸವೆದರೆ ಗಾಡಿ ಒಡ್ಡೊಡ್ಡಾಗಿ ಓಡುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಆಟ ಇಲ್ಲದಿದ್ದರೂ ರಬ್ಬರ್ ಬೂಟ್ ಹರಿದಿದ್ದರೆ ಅದನ್ನು ‘ಬದಲಾಯಿಸಬೇಕು’ ಪಟ್ಟಿಗೇ ಸೇರಿಸುತ್ತೇನೆ. ಕೆಂಪು ಮಣ್ಣು, ಕ್ವಾರಿ ಧೂಳು ಗ್ರೀಸಿಗೆ ಬೆರೆತರೆ ಅದು ಅರೆಯುವ ಪೇಸ್ಟೇ ಆಗುತ್ತದೆ.

ಬಿಚ್ಚುವಾಗ ಜಾಯಿಂಟಿನ ಸ್ಟಡ್ಡಿನ (ನಟ್ ಕೂರುವ ಕಡ್ಡಿ) ತುದಿಗೆ ಸುತ್ತಿಗೆ ಬೀಸಿದರೆ ಮರೆ (ಥ್ರೆಡ್) ಹಾಳಾಗುತ್ತದೆ. ನಟ್ಟನ್ನು ಒಂದೆರಡು ಸುತ್ತು ಸಡಿಲಿಸಿ ಅಲ್ಲೇ ಬಿಟ್ಟು, ನಕಲ್‌ನ ಕಿವಿಗೆ ಪಕ್ಕದಿಂದ ಹೊಡೆಯಿರಿ, ಎದುರು ಬದಿಗೆ ಇನ್ನೊಂದು ಭಾರದ ಸುತ್ತಿಗೆ ಆನಿಸಿರಲಿ. ಸ್ಟಡ್ಡಿನ ಬಿಗಿದು ಕೂತ ಓರೆ ಭಾಗ (ಟೇಪರ್) ತಾನೇ ಬಿಡುತ್ತದೆ. ನಕಲ್ ಅಲ್ಯೂಮಿನಿಯಂನದಾದರೆ ಹೊಡೆತ ಬೇಡ, ಪುಲ್ಲರ್ ಬಳಸಿ. ಸರ್ಕ್ಲಿಪ್ (ಜಾಯಿಂಟನ್ನು ಹಿಡಿದಿಡುವ ಉಂಗುರ) ತೆಗೆದು ಹಳೆಯ ಜಾಯಿಂಟನ್ನು ಪೈಪ್ ತುಂಡು, ಸಿ-ಕ್ಲಾಂಪ್ ಇಟ್ಟು ಒತ್ತಿ ಹೊರತಳ್ಳಬೇಕು. ಹೊಸದನ್ನು ಒತ್ತುವಾಗ ಬಲ ಹೊರ ಅಂಚಿನ ಮೇಲಷ್ಟೇ ಬೀಳಬೇಕು. ಅದು ಕೈಯಲ್ಲೇ ಸಲೀಸಾಗಿ ಕೂತರೆ ಖುಷಿಪಡಬೇಡಿ, ರಂಧ್ರ ದೊಡ್ಡದಾಗಿದೆ ಎಂದರ್ಥ. ವೆಲ್ಡಿಂಗ್ ಚುಕ್ಕೆ ಇಟ್ಟು ನಿಲ್ಲಿಸುತ್ತೇನೆ ಅನ್ನುವವರು ಸಿಗುತ್ತಾರೆ. ಆ ಕಾವಿಗೆ ಜಾಯಿಂಟಿನ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಅಂಥಲ್ಲಿ ಆರ್ಮನ್ನೇ ಬದಲಾಯಿಸಬೇಕು. ಕೊನೆಗೆ ಕ್ಯಾಸಲ್ ನಟ್ (ಪಿನ್ ಕೂರಲು ಕಚ್ಚುಗಳಿರುವ ನಟ್) ಬಿಗಿದಾಗ ಸ್ಪ್ಲಿಟ್ ಪಿನ್ ತೂತಿಗೆ ಸರಿಹೊಂದದಿದ್ದರೆ ಮುಂದಿನ ಕಚ್ಚಿಗೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು. ಪಿನ್ ಹೊಸದೇ ಇರಲಿ.

ಇನ್ನು ಬುಷ್. ಇದು ಅಗ್ಗದ ಸಾಮಾನು, ಅಸಡ್ಡೆ ಮಾಡಿದರೆ ಅತಿ ದುಬಾರಿಯಾಗುವುದೂ ಇದೇ. ಆರ್ಮಿನ ಬುಷ್ ಒಳಗೆ ಒಂದು ಉಕ್ಕಿನ ಸ್ಲೀವ್ ಇರುತ್ತದೆ. ಬೋಲ್ಟ್ ಆ ಸ್ಲೀವನ್ನು ಬ್ರಾಕೆಟ್ಟಿಗೆ ಕಚ್ಚಿ ನಿಲ್ಲಿಸುತ್ತದೆ, ಬುಷ್ ಅದರ ಸುತ್ತ ತಿರುಗುತ್ತದೆ. ಗ್ರೀಸ್ ಕಾಣದೆ ತುಕ್ಕು ಹಿಡಿದರೆ ಸ್ಲೀವ್ ಬುಷ್‌ಗೆ ಅಂಟಿಕೊಂಡು ಬೋಲ್ಟಿನ ಮೇಲೆಯೇ ತಿರುಗಲು ಶುರುಮಾಡುತ್ತದೆ. ಮೊದಲು ಬೋಲ್ಟನ್ನು ತಿನ್ನುತ್ತದೆ, ಆಮೇಲೆ ಚಾಸಿಯ ಬ್ರಾಕೆಟ್ ತೂತನ್ನು ಮೊಟ್ಟೆ ಆಕಾರಕ್ಕೆ ತರುತ್ತದೆ. ಅಲ್ಲಿಗೆ ಬುಷ್ ಕೆಲಸ ಚಾಸಿ ಕೆಲಸವಾಯಿತು. ಆದ್ದರಿಂದ ಬುಷ್ ನೋಡುವಾಗ ಬೋಲ್ಟ್ ಹೊರತೆಗೆದು ಅದರ ನಡುಭಾಗಕ್ಕೆ ಉಗುರು ಸವರಿ. ಮೆಟ್ಟಿಲು ಸಿಕ್ಕರೆ ಬೋಲ್ಟೂ ಹೊಸದು.

ಹಳೆಯ ಮಾಡೆಲ್‌ಗೆ ಬುಷ್ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ತಿರುವಿಸಬಹುದು. ಚಿಕ್ಕಬಳ್ಳಾಪುರದಲ್ಲೂ ಕೋಲಾರದಲ್ಲೂ ಒಳ್ಳೆಯ ಕೈಗಳಿವೆ. ನೈಲಾನ್ ಬೇಡ, ನೀರು ಕುಡಿದು ಊದಿ ಬಿಗಿಯುತ್ತದೆ. ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಅಥವಾ ಗನ್‌ಮೆಟಲ್ (ಒಂದು ಬಗೆಯ ಕಂಚು) ಹೇಳಿ. ಒಂದು ಅಳತೆ ಮಾತ್ರ ಬಾಯಲ್ಲಿ ಹೇಳದೆ ಬರೆದುಕೊಡಿ: ಸ್ಲೀವ್ ಬುಷ್‌ಗಿಂತ 0.1ರಿಂದ 0.2 ಮಿಲಿಮೀಟರ್ ಉದ್ದ ಇರಬೇಕು. ಬುಷ್ಷೇ ಉದ್ದವಾದರೆ ಬೋಲ್ಟ್ ಬಿಗಿದ ಕೂಡಲೇ ಆರ್ಮ್ ಜಾಮ್ ಆಗುತ್ತದೆ. ಕೆಲಸಗಾರ ಬೋಲ್ಟ್ ಸ್ವಲ್ಪ ಸಡಿಲ ಬಿಟ್ಟು ಕಳಿಸುತ್ತಾನೆ, ಮತ್ತೆ ಅದೇ ಸವೆತ. ಶಾಕ್ಸ್ ಬಿಚ್ಚಿಟ್ಟು ಆರ್ಮನ್ನು ಕೈಯಲ್ಲಿ ಎತ್ತಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು. ಸೈಲೆಂಟ್ ಬ್ಲಾಕ್ (ಸ್ಲೀವಿಗೆ ರಬ್ಬರ್ ಅಂಟಿಸಿದ ಬುಷ್) ಇರುವ ಗಾಡಿಗೆ ಈ ಲೆಕ್ಕ ಬೇರೆ: ಅಲ್ಲಿ ಗಾಡಿ ನೆಲಕ್ಕಿಳಿದು ಭಾರ ಕೂತ ಮೇಲೆಯೇ ಕೊನೆಯ ಬಿಗಿ. ತೂಗಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಟೈ ರಾಡ್‌ಗೆ ಚಕ್ರ ನೆಲದ ಮೇಲಿರಬೇಕು. ಒಬ್ಬರು ಹ್ಯಾಂಡಲ್ ಬಾರನ್ನು ಚೂರು ಚೂರು ಆಚೀಚೆ ಆಡಿಸಲಿ, ನೀವು ನಾಲ್ಕೂ ಎಂಡ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಸಡಿಲ ಇರುವುದಷ್ಟನ್ನೇ ಬದಲಾಯಿಸಿದರೂ ಸಾಕು. ಸಾಮಾನ್ಯವಾಗಿ ರಾಡಿನ ಒಂದು ತುದಿ ಎಡಮರೆ, ತರಿಸುವಾಗ ಅದನ್ನು ನೋಡಿಕೊಳ್ಳಿ. ನಾಲ್ಕೂ ಬಿಗಿಯಿದ್ದು ಹ್ಯಾಂಡಲ್ ಮಾತ್ರ ಆಡುತ್ತಿದ್ದರೆ ಸ್ಟೀರಿಂಗ್ ಕಂಬದ ಪ್ಲಾಸ್ಟಿಕ್ ಬುಷ್ ಅಥವಾ ತಳದ ಬೇರಿಂಗ್ ನೋಡಿ.

ಶಾಕ್ಸ್‌ನಲ್ಲಿ ನಾನು ನೋಡುವುದು ಮೂರೇ: ರಾಡಿನ ಮೇಲೆ ಎಣ್ಣೆ, ರಾಡಿನಲ್ಲಿ ಗುಳಿ ಅಥವಾ ಬಾಗು, ಮುಂಭಾಗ ಒತ್ತಿ ಬಿಟ್ಟಾಗ ಒಂದಕ್ಕಿಂತ ಹೆಚ್ಚು ಸಲ ಕುಣಿತ. ಮೂರೂ ಇಲ್ಲದೆ ಬರೀ ಕೂತಂತೆ ಕಂಡರೆ ಸ್ಪ್ರಿಂಗಿನ ಪ್ರಿಲೋಡ್ (ಮೊದಲೇ ಒತ್ತಿಟ್ಟ ಬಿಗಿ) ಕಚ್ಚನ್ನು ಒಂದು ಮೆಟ್ಟಿಲು ಏರಿಸಿ ಓಡಿಸಿ ನೋಡಿ. ಹಾಕುವುದೇ ಆದರೆ ಎರಡೂ ಕಡೆ ಒಟ್ಟಿಗೆ. ಬೈಕಿನ ಶಾಕ್ಸ್ ಹೊಂದಿಸುವವರು ಕಣ್ಣಿನಿಂದ ಕಣ್ಣಿಗೆ (ಎರಡು ತುದಿಯ ಬೋಲ್ಟ್ ತೂತುಗಳ ನಡುವೆ) ಉದ್ದ ಅಳೆಯಲೇಬೇಕು. ಉದ್ದ ಹೆಚ್ಚಾದರೆ ಚಕ್ರ ಪೂರ್ತಿ ಇಳಿದಾಗ ಬಾಲ್ ಜಾಯಿಂಟ್ ಕೊನೆಗೆ ತಾಗಿ ನಿಲ್ಲುತ್ತದೆ, ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಸಿವಿ ಬೂಟ್ (ಮುಂದಿನ ಆಕ್ಸಲ್ ಕೀಲಿನ ರಬ್ಬರ್ ಹೊದಿಕೆ) ಹರಿಯುತ್ತದೆ.

ಆರ್ಡರ್ ಕೊಡುವ ಮುಂಚೆ ಆರ್ಮ್‌ಗಳು ನೆಟ್ಟಗಿವೆಯೇ ನೋಡಿ. ಕೆಳಗಿನ ಬಾಲ್ ಜಾಯಿಂಟ್ ನಡುವಿನಿಂದ ಚಾಸಿಯ ಒಂದು ಗೊತ್ತಾದ ಬೋಲ್ಟಿಗೆ ಎಡಬಲ ಅಳೆದರೆ ವ್ಯತ್ಯಾಸ ಸಿಗುತ್ತದೆ. ಬೆಸುಗೆಯ ಅಂಚುಗಳಲ್ಲಿ ತುಕ್ಕಿನ ಸಣ್ಣ ಗೆರೆ ಇದ್ದರೆ ಅದು ಬಿರುಕು. ಬಾಗಿದ ಆರ್ಮನ್ನು ಗ್ಯಾಸಿನಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಹಳೇ ಆರ್ಮ್ ಸಿಕ್ಕರೂ ವಾಸಿ.

ಜೋಡಿಸಿದ ಮೇಲೆ ಟೋ ಅಳತೆ, ಅಂದರೆ ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಮುಂಬದಿಗೂ ಹಿಂಬದಿಗೂ ಎಷ್ಟು ಬೇರೆ ಎಂಬುದು. ಹ್ಯಾಂಡಲ್ ನೇರ ಇಟ್ಟು, ಎರಡೂ ಟೈರಿನ ನಡುವೆ ಆಕ್ಸಲ್ ಎತ್ತರದಲ್ಲಿ ಮುಂಬದಿಗೆ ಸೀಮೆಸುಣ್ಣದ ಗುರುತು ಹಾಕಿ ಅಳೆಯಿರಿ. ಚಕ್ರ ಅರ್ಧ ಸುತ್ತು ತಿರುಗುವಷ್ಟು ಗಾಡಿಯನ್ನು ತಳ್ಳಿ, ಅದೇ ಗುರುತು ಹಿಂಬದಿಗೆ ಬಂದಾಗ ಮತ್ತೆ ಅಳೆಯಿರಿ. ಪೊಲಾರಿಸ್‌ಗಳಿಗೆ ಸಾಮಾನ್ಯವಾಗಿ ಮುಂದೆ 3ರಿಂದ 6 ಮಿಲಿಮೀಟರ್ ಹೆಚ್ಚಿರಬೇಕು, ಕೆಲವು ಕಂಪನಿಗಳದು ತಿರುವುಮುರುವು, ಪುಸ್ತಕ ನೋಡಿ. ಸರಿಪಡಿಸುವಾಗ ಎರಡೂ ರಾಡನ್ನು ಸಮನಾಗಿ ತಿರುಗಿಸಿ, ಇಲ್ಲದಿದ್ದರೆ ಗಾಡಿ ನೇರ ಹೋದರೂ ಹ್ಯಾಂಡಲ್ ಸೊಟ್ಟ ನಿಲ್ಲುತ್ತದೆ. ತೋಟದಲ್ಲಿ ಒಂದು ದಿನ ಓಡಿಸಿ ಬಂದ ಮೇಲೆ ಲಾಕ್ ನಟ್, ಆರ್ಮ್ ಬೋಲ್ಟ್, ಚಕ್ರದ ನಟ್ ಎಲ್ಲಕ್ಕೂ ಇನ್ನೊಮ್ಮೆ ಪಾನಾ ಹಾಕಿ, ಟೋ ಇನ್ನೊಮ್ಮೆ ಅಳೆಯಿರಿ.